ಲ್ಯಾಪ್‌ಟಾಪಿನ ಸಂಗೀತವನ್ನು ತಂತಿಯಿಲ್ಲದೆ ಸ್ಪೀಕರಿಗೆ ತಲುಪಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆ ಸಂಗೀತ ಕೇಳುವ ಮನೆಗಳಲ್ಲಿ ಕ್ಯಾಸೆಟ್ಟುಗಳ ಕಪಾಟು ಇದ್ದ ಜಾಗಕ್ಕೆ ಈಗ ಲ್ಯಾಪ್‌ಟಾಪು ಬಂದಿದೆ. ಹಳೆಯ ಬೈಠಕ್ಕುಗಳ ಧ್ವನಿಮುದ್ರಣ, ರೇಡಿಯೋದಿಂದ ಹಿಡಿದಿಟ್ಟುಕೊಂಡ ಕಛೇರಿ, ಮಕ್ಕಳ ರಿಯಾಜಿಗೆ ಬೇಕಾದ ತಂಬೂರಿ ಮತ್ತು ಲೆಹರಾ (ತಾಳದ ಆವರ್ತನೆ ಹಿಡಿದು ಮರುಕಳಿಸುವ ಸ್ವರಗಳ ಸಾಲು) ಎಲ್ಲವೂ ಅದರೊಳಗೇ ಇರುತ್ತವೆ. ಆದರೆ ಲ್ಯಾಪ್‌ಟಾಪಿನ ಸ್ವಂತ ಸ್ಪೀಕರುಗಳು ತೀರ ಸಣ್ಣವಾದ್ದರಿಂದ ಖರ್ಜದ, ಅಂದರೆ ಕೆಳಸ್ಥಾಯಿಯ, ಸ್ವರಗಳಿಗೆ ಇರಬೇಕಾದ ತುಂಬುದನಿ ಅವುಗಳಿಂದ ಹೊರಡುವುದಿಲ್ಲ. ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾ ಅಂತೂ ಕೇಳಿಸಿಯೂ ಕೇಳಿಸದಂತೆ ಇರುತ್ತದೆ. ಹೊರಗಿನ ಒಂದು ಒಳ್ಳೆಯ ಸ್ಪೀಕರನ್ನು ತಂತಿಯಿಲ್ಲದೆ ಜೋಡಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ, ಹೆಚ್ಚೆಂದರೆ ಐದು ನಿಮಿಷ ಹಿಡಿದೀತು. ಆದರೆ ಸಂಪರ್ಕವಾಯಿತು, ದನಿ ಬಂತು ಎಂದು ಅಲ್ಲಿಗೇ ನಿಲ್ಲಿಸುವವರು ಬಹಳ ಜನ. ಆ ದನಿ ಯಾವ ದಾರಿಯಲ್ಲಿ, ಎಷ್ಟು ಇಳಿದು ಬರುತ್ತಿದೆ ಎಂಬುದನ್ನೂ ನೋಡಬೇಕು ಎಂಬುದೇ ಈ ಬರಹದ ಒತ್ತಾಯ.

ಮೊದಲು ನಿಮ್ಮ ಮನೆಯಲ್ಲಿರುವ ಸ್ಪೀಕರು ಯಾವ ಬಗೆಯದು ಎಂದು ಗುರುತಿಸಿಕೊಳ್ಳಿ. ಬ್ಲೂಟೂತ್ ಗುರುತಿರುವ, ಬ್ಯಾಟರಿಯಿಂದ ನಡೆಯುವ ಸಣ್ಣ ಸ್ಪೀಕರು ಅಥವಾ ಟಿವಿಯ ಕೆಳಗಿಡುವ ಸೌಂಡ್‌ಬಾರ್ ಇದ್ದರೆ ಲ್ಯಾಪ್‌ಟಾಪಿನಿಂದ ನೇರವಾಗಿ ಜೋಡಿಸಬಹುದು. ಮನೆಯ ವೈಫೈ ಜಾಲಕ್ಕೆ ಸೇರಿಕೊಳ್ಳುವ ಸ್ಪೀಕರಿನ ವಿಧಾನ ಬೇರೆ. ಇನ್ನು ಅಜ್ಜನ ಕಾಲದ ಆಂಪ್ಲಿಫೈಯರ್ ಮತ್ತು ಕಟ್ಟಿಗೆಯ ಪೆಟ್ಟಿಗೆಯ ದೊಡ್ಡ ಸ್ಪೀಕರುಗಳಿದ್ದರೆ ಅವನ್ನು ಅಟ್ಟಕ್ಕೆ ಹಾಕಬೇಡಿ, ಗುಜರಿಗೂ ಕೊಡಬೇಡಿ; ಬ್ಲೂಟೂತಿನ ದನಿಯನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವ ಒಂದು ಸಣ್ಣ ರಿಸೀವರ್ ಕೊಂಡರೆ ಅವೂ ತಂತಿಯಿಲ್ಲದೆ ನಡೆಯುತ್ತವೆ, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಹೊಸ ಸಣ್ಣ ಸ್ಪೀಕರಿಗಿಂತ ಚೆನ್ನಾಗಿಯೇ ನುಡಿಯುತ್ತವೆ.

ಬ್ಲೂಟೂತ್ ಜೋಡಣೆ

ಸ್ಪೀಕರನ್ನು ಚಾಲೂ ಮಾಡಿ, ಬ್ಲೂಟೂತ್ ಗುರುತಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ದೀಪ ಬೇಗ ಬೇಗ ಮಿನುಗತೊಡಗಿದರೆ, ಅಥವಾ ಸ್ಪೀಕರೇ ಒಂದು ಸೂಚನೆಯ ದನಿ ಹೊರಡಿಸಿದರೆ, ಅದು ಹೊಸ ಜೊತೆಗಾರನಿಗಾಗಿ ಕಾಯುತ್ತಿದೆ ಎಂದರ್ಥ. ಸೌಂಡ್‌ಬಾರಿನಲ್ಲಾದರೆ ರಿಮೋಟಿನಿಂದ ಮೂಲವನ್ನು ಬ್ಲೂಟೂತಿಗೆ ಬದಲಿಸಬೇಕಾಗುತ್ತದೆ. ಈ ಹಂತದಲ್ಲಿ ಮನೆಯ ಎಲ್ಲ ಫೋನುಗಳ ಬ್ಲೂಟೂತನ್ನು ಆಫ್ ಮಾಡಿಸುವುದು ಒಳ್ಳೆಯದು. ಏಕೆಂದರೆ ಸ್ಪೀಕರು ಹಿಂದೆ ಯಾರ ಫೋನಿಗೆ ಜೋಡಿಯಾಗಿತ್ತೋ ಅದನ್ನೇ ಮೊದಲು ಹುಡುಕುತ್ತದೆ. ತಮ್ಮನ ಫೋನು ಪಕ್ಕದ ಕೋಣೆಯಲ್ಲಿ ಚಾರ್ಜಿಗೆ ಬಿದ್ದಿದ್ದರೂ ಸಾಕು, ಸ್ಪೀಕರು ಅದಕ್ಕೇ ಅಂಟಿಕೊಂಡು ಲ್ಯಾಪ್‌ಟಾಪಿನ ಕಣ್ಣಿಗೆ ಬೀಳುವುದಿಲ್ಲ. 'ಸ್ಪೀಕರು ಕಾಣಿಸುತ್ತಲೇ ಇಲ್ಲ' ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ ಇದೇ.

ವಿಂಡೋಸ್ 11 ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀಲಿಯ ಜೊತೆ 'ಐ' ಅಕ್ಷರ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ 'ಬ್ಲೂಟೂತ್ ಅಂಡ್ ಡಿವೈಸಸ್' ಎಂಬ ಭಾಗಕ್ಕೆ ಹೋಗಿ, ಬ್ಲೂಟೂತ್ ಆನ್ ಇದೆಯೇ ನೋಡಿ, 'ಆ್ಯಡ್ ಡಿವೈಸ್' ಒತ್ತಿ, ಮುಂದಿನ ಪರದೆಯಲ್ಲಿ 'ಬ್ಲೂಟೂತ್' ಆಯ್ದುಕೊಳ್ಳಿ. ಕೆಲವು ಕ್ಷಣಗಳಲ್ಲಿ ಸ್ಪೀಕರಿನ ಹೆಸರು ಕಾಣಿಸುತ್ತದೆ. ಅದರ ಮೇಲೆ ಒತ್ತಿದರೆ ಜೋಡಣೆ ಮುಗಿಯುತ್ತದೆ. ವಿಂಡೋಸ್ 10ರಲ್ಲಿ ಇದೇ ಕೆಲಸ 'ಡಿವೈಸಸ್' ಎಂಬ ಭಾಗದೊಳಗೆ ನಡೆಯುತ್ತದೆ. ಹಳೆಯ ಸ್ಪೀಕರು ಅಂಕಿಯ ಗುಪ್ತಪದ ಕೇಳಿದರೆ 0000 ಅಥವಾ 1234 ಕೊಟ್ಟು ನೋಡಿ. ಹೆಸರೇ ಕಾಣದಿದ್ದರೆ ವಿಂಡೋಸ್ 11ರ ಡಿವೈಸಸ್ ಪುಟದಲ್ಲಿ ಕೆಳಗಿರುವ 'ಬ್ಲೂಟೂತ್ ಡಿವೈಸಸ್ ಡಿಸ್ಕವರಿ' ಎಂಬುದನ್ನು 'ಡೀಫಾಲ್ಟ್' ಇದ್ದದ್ದನ್ನು 'ಅಡ್ವಾನ್ಸ್‌ಡ್' ಎಂದು ಬದಲಿಸಿ ಮತ್ತೊಮ್ಮೆ ಹುಡುಕಿಸಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಲೂಟೂತ್ ಪುಟದಲ್ಲಿ ಹೆಸರಿನ ಪಕ್ಕದ 'ಕನೆಕ್ಟ್' ಒತ್ತಿದರೆ ಸಾಕು. ಉಬುಂಟು ಬಳಸುವವರಿಗೂ ಸೆಟ್ಟಿಂಗ್ಸ್‌ನೊಳಗೆ ಅದೇ ಹೆಸರಿನ ಪುಟವಿದೆ.

ಬ್ಲೂಟೂತ್ ಆನ್ ಮಾಡುವ ಗುಂಡಿಯೇ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಚಾಲೂ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಬ್ಲೂಟೂತ್ ಡ್ರೈವರನ್ನು (ಬ್ಲೂಟೂತನ್ನು ನಡೆಸುವ ತಂತ್ರಾಂಶವನ್ನು) ಹೊಸದಾಗಿ ಹಾಕಿಕೊಳ್ಳಿ. ಲ್ಯಾಪ್‌ಟಾಪು ಬಹಳ ಹಳೆಯದಾಗಿದ್ದು ಅದರಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ ಎಂದಾದರೆ ಯುಎಸ್‌ಬಿ ರಂಧ್ರಕ್ಕೆ ಚುಚ್ಚುವ ಬ್ಲೂಟೂತ್ ಡಾಂಗಲ್ ಸಿಗುತ್ತದೆ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಂಥ ಪೇಟೆಯಲ್ಲಿ ವಿಚಾರಿಸಿದರೆ ಕೆಲವೇ ನೂರು ರೂಪಾಯಿಗೆ ದೊರೆಯುವ ವಸ್ತು ಅದು.

ಜೋಡಿಯಾದ ಮೇಲೆ ನೋಡಬೇಕಾದದ್ದು

ಜೋಡಿಯಾದ ಮಾತ್ರಕ್ಕೆ ದನಿ ಸ್ಪೀಕರಿನಿಂದಲೇ ಬರಬೇಕೆಂದೇನಿಲ್ಲ. ವಿಂಡೋಸ್ ಇದ್ದರೆ ಪರದೆಯ ಕೆಳಪಟ್ಟಿಯ ಬಲತುದಿಯಲ್ಲಿರುವ ಸ್ಪೀಕರಿನ ಚಿತ್ರ ಒತ್ತಿ, ದನಿಯ ಪಟ್ಟಿಯ ಪಕ್ಕದ ಬಾಣದಂಥ ಗುರುತನ್ನು ಒತ್ತಿದರೆ ಲ್ಯಾಪ್‌ಟಾಪಿಗೆ ಗೊತ್ತಿರುವ ಎಲ್ಲ ಸ್ಪೀಕರುಗಳ ಹೆಸರು ಕಾಣುತ್ತದೆ. ಅದರಲ್ಲಿ ನಿಮ್ಮದನ್ನು ಆಯ್ದುಕೊಳ್ಳಬೇಕು.

ವಿಂಡೋಸ್ 10ರಲ್ಲಿ ಇದೇ ಪಟ್ಟಿಯಲ್ಲಿ ಒಂದೇ ಸ್ಪೀಕರಿನ ಹೆಸರು ಎರಡು ಸಲ ಕಾಣಿಸಬಹುದು. ಒಂದರ ಮುಂದೆ 'ಸ್ಟೀರಿಯೋ' ಎಂದಿದ್ದರೆ ಇನ್ನೊಂದರ ಮುಂದೆ 'ಹ್ಯಾಂಡ್ಸ್-ಫ್ರೀ' ಎಂದಿರುತ್ತದೆ. ಸಂಗೀತಕ್ಕೆ ಸ್ಟೀರಿಯೋ ಎಂಬುದನ್ನೇ ಆರಿಸಿ. ಈ ಎರಡರ ನಡುವಿನ ಅಂತರ ಸಣ್ಣದಲ್ಲ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಲೂಟೂತಿನಲ್ಲಿ ದನಿ ಸಾಗಿಸಲು ಬೇರೆ ಬೇರೆ ಕ್ರಮಗಳಿವೆ. ಸಂಗೀತಕ್ಕಾಗಿ ಇರುವ ಕ್ರಮದಲ್ಲಿ ದನಿ ಒಂದೇ ದಿಕ್ಕಿಗೆ, ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ, ಎಡ-ಬಲ ಎರಡೂ ಚಾನೆಲ್ಲುಗಳಲ್ಲಿ ಹೋಗುತ್ತದೆ. ಎಲ್ಲ ಸ್ಪೀಕರುಗಳಿಗೂ ಗೊತ್ತಿರುವ ಎಸ್‌ಬಿಸಿ ಎಂಬ ಸಾಮಾನ್ಯ ಕೋಡೆಕ್ (ದನಿಯನ್ನು ಕುಗ್ಗಿಸಿ ಕಳಿಸಿ ಮತ್ತೆ ಬಿಡಿಸುವ ಪದ್ಧತಿ) ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ವರೆಗೆ ಮಾಹಿತಿ ಸಾಗಿಸಬಲ್ಲದು. ಫೋನಿನ ಮಾತುಕತೆಗಾಗಿ ಇರುವ ಕ್ರಮದಲ್ಲಿ ದನಿ ಎರಡೂ ದಿಕ್ಕಿಗೆ ಹರಿಯಬೇಕಾದ್ದರಿಂದ ಒಂದೇ ಚಾನೆಲ್ಲು ಸಿಗುತ್ತದೆ, ಮತ್ತು ಸೆಕೆಂಡಿಗೆ 44,100 ಬಾರಿ ಆಗಬೇಕಾದ ದನಿಯ ಅಳತೆ 8,000 ಅಥವಾ 16,000ಕ್ಕೆ ಇಳಿಯುತ್ತದೆ. ಅಳತೆ 8,000 ಆಗಿದ್ದರೆ 4,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳೆಲ್ಲ ಕಳೆದುಹೋಗುತ್ತವೆ. ತಂಬೂರಿಯ ಕುದುರೆಯ ಮೇಲೆ ಎಳೆ ನೂಲಿಟ್ಟು ಬರಿಸುವ ಜವಾರಿಯ ಝೇಂಕಾರ ಇರುವುದೇ ಆ ಮೇಲಿನ ಉಪಸ್ವರಗಳಲ್ಲಿ. ಅವು ಹೋದರೆ ತಂಬೂರಿ ಬರಿಯ ಗುಂಯ್‌ಗುಡುವ ಸದ್ದಾಗಿ ಉಳಿಯುತ್ತದೆ, ಹಾಡುವವರ ದನಿ ಕೊಡದೊಳಗಿಂದ ಬಂದಂತೆ ಕೇಳುತ್ತದೆ.

ವಿಂಡೋಸ್ 11ರಲ್ಲಿ ಎರಡು ಹೆಸರುಗಳನ್ನು ಒಂದೇ ಮಾಡಿದ್ದಾರೆ. ಆದ್ದರಿಂದ ತಪ್ಪು ಆರಿಸುವ ಪ್ರಸಂಗ ಇಲ್ಲ. ಆದರೆ ಯಾವುದಾದರೂ ತಂತ್ರಾಂಶ ಸ್ಪೀಕರಿನೊಳಗಿನ ಮೈಕನ್ನು ಬಳಸಲು ತೊಡಗಿದ ಕೂಡಲೇ ಹೇಳದೆ ಕೇಳದೆ ಮಾತುಕತೆಯ ಕ್ರಮಕ್ಕೆ ಬದಲಾಗಬಹುದು. ಪುಣೆಯಲ್ಲೋ ಬೆಂಗಳೂರಲ್ಲೋ ಇರುವ ಶಿಷ್ಯರಿಗೆ ಧಾರವಾಡದಿಂದ ವಿಡಿಯೋ ಕರೆಯಲ್ಲಿ ಪಾಠ ಹೇಳುವ ಗುರುಗಳಿದ್ದಾರೆ. ಪಾಠ ಶುರುವಾದ ಗಳಿಗೆಯಲ್ಲೇ ಸ್ಪೀಕರಿನ ದನಿ ಕೆಟ್ಟಿತು ಎನ್ನುವವರು ಇದನ್ನು ಪರೀಕ್ಷಿಸಬೇಕು. ಪರಿಹಾರ ಸರಳವಾಗಿದೆ: ಕರೆಯ ತಂತ್ರಾಂಶದ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸ್ಪೀಕರಿನ ಜಾಗದಲ್ಲಿ ಬ್ಲೂಟೂತ್ ಸ್ಪೀಕರನ್ನೂ ಮೈಕ್ರೋಫೋನಿನ ಜಾಗದಲ್ಲಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನೂ ಬೇರೆ ಬೇರೆಯಾಗಿ ಆರಿಸಿಡಿ. ಉಬುಂಟುವಿನಲ್ಲಿ ಸೌಂಡ್ ಪುಟದ 'ಕಾನ್ಫಿಗರೇಶನ್' ಎಂಬಲ್ಲಿ 'ಹೈ ಫಿಡೆಲಿಟಿ ಪ್ಲೇಬ್ಯಾಕ್' ಎಂದಿರುವುದನ್ನು ಆಯ್ದುಕೊಂಡರೆ ಇದೇ ಫಲ ಸಿಗುತ್ತದೆ.

ಕೋಡೆಕ್‌ಗಳ ಬಗ್ಗೆ ಅಂಗಡಿಗಳಲ್ಲಿ ಬಹಳ ಮಾತು ಕೇಳುತ್ತೀರಿ. ಎಸ್‌ಬಿಸಿ ಅಲ್ಲದೆ ಎಎಸಿ, ಆಪ್ಟ್‌ಎಕ್ಸ್ ಎಂಬವೂ ಇವೆ, ವಿಂಡೋಸ್ 11ಕ್ಕೆ ಇವು ಗೊತ್ತು. ಎರಡೂ ಕಡೆ ಒಂದೇ ಕೋಡೆಕ್ ಇದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ, ಕೋಡೆಕ್ಕಿನ ಹೆಸರಿಗೆ ಹೆಚ್ಚು ಹಣ ಕೊಡುವುದಕ್ಕಿಂತ ದೊಡ್ಡ ಪೆಟ್ಟಿಗೆಯ ಸ್ಪೀಕರಿಗೆ ಆ ಹಣ ಕೊಡುವುದು ಮೇಲು. ಹಳೆಯ ಧ್ವನಿಮುದ್ರಣ ಕೇಳುವವರಿಗಂತೂ ಈ ಚಿಂತೆ ಇನ್ನೂ ಕಡಿಮೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಕೊಟ್ಟ ಮೂರು ಮೂರು ನಿಮಿಷದ ತಟ್ಟೆಗಳಾಗಲಿ, ಆ ಕಾಲದ ಬೇರೆ ಯಾರ ತಟ್ಟೆಗಳಾಗಲಿ ಒಂದೇ ಚಾನೆಲ್ಲಿನಲ್ಲಿ ಮುದ್ರಿತವಾದವು. ಅವನ್ನು ಕೇಳಲು ಎರಡು ಸ್ಪೀಕರುಗಳ ಜೋಡಿ ಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಒಂದೇ ಒಳ್ಳೆಯ ಸ್ಪೀಕರನ್ನು ಎದುರಿಗೆ, ಕುಳಿತವರ ಕಿವಿಯ ಎತ್ತರಕ್ಕೆ ಇಟ್ಟುಕೊಂಡರೆ ಏನೂ ಕಡಿಮೆಯಾಗುವುದಿಲ್ಲ.

ದನಿ ಕಡಿಕಡಿದು ಬಂದರೆ

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. ಸ್ಪೀಕರಿಗೆ ದನಿ ಸಾಗಿಸುವ ಬ್ಲೂಟೂತ್ ಆ ಪಟ್ಟಿಯನ್ನು 79 ಸಣ್ಣ ಹಾದಿಗಳಾಗಿ ಒಡೆದುಕೊಂಡು ಸೆಕೆಂಡಿಗೆ 1,600 ಬಾರಿಯವರೆಗೂ ಹಾದಿ ಬದಲಿಸುತ್ತ ಸಾಗುತ್ತದೆ, ಗದ್ದಲವಿರುವ ಹಾದಿಗಳನ್ನು ತಾನೇ ಬಿಟ್ಟುಬಿಡುತ್ತದೆ. ಆದರೆ ಮನೆಯ ವೈಫೈ ಕೂಡ ಅದೇ ಪಟ್ಟಿಯಲ್ಲಿದ್ದರೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ನಡೆಯುತ್ತಿದ್ದರೆ, ಸಾಗಲು ಉಳಿಯುವ ಹಾದಿಗಳೇ ಕಡಿಮೆಯಾಗಿ ದನಿ ತುಂಡಾಗುತ್ತದೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಜಾಲ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸುವುದು ಮೊದಲ ಮದ್ದು. ಎರಡನೆಯದಾಗಿ, ಬ್ಲೂಟೂತ್ ಡಾಂಗಲ್ ಬಳಸುವವರು ಅದನ್ನು ಯುಎಸ್‌ಬಿ 3 ಹಾರ್ಡ್‌ಡಿಸ್ಕಿನ ಪಕ್ಕದಲ್ಲಿ ಚುಚ್ಚಬಾರದು. ಯುಎಸ್‌ಬಿ 3ರ ತಂತಿ ಮತ್ತು ಜೋಡಣೆಗಳಿಂದ ಹೊರಡುವ ಗದ್ದಲ ಇದೇ ತರಂಗಪಟ್ಟಿಗೆ ಬೀಳುತ್ತದೆ. ಹಾಡುಗಳ ಸಂಗ್ರಹವೇ ಅಂಥ ಡಿಸ್ಕಿನಲ್ಲಿ ಇರುವವರಿಗೆ ಹಾಡು ಹಚ್ಚಿದಾಗಲೇ ದನಿ ತುಂಡಾಗುವುದು ಇದರಿಂದ. ಒಂದು ಗಿಡ್ಡ ಎಕ್ಸ್‌ಟೆನ್ಶನ್ ತಂತಿ ಹಾಕಿ ಡಾಂಗಲನ್ನು ಮೇಜಿನ ಮೇಲಕ್ಕೆ ತಂದರೆ ತೊಂದರೆ ತಪ್ಪುತ್ತದೆ.

ದೂರದ ಲೆಕ್ಕವನ್ನು ಸುಮಾರು 10 ಮೀಟರ್ ಎಂದು ಹಿಡಿಯಿರಿ, ಅದೂ ನಡುವೆ ಅಡ್ಡಿ ಇಲ್ಲದಿದ್ದರೆ. ಧಾರವಾಡದ ಹಳೆಯ ವಾಡೆಗಳ, ಗದಗ-ಹಾವೇರಿ ಕಡೆಯ ಹಳ್ಳಿಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆಗಳನ್ನು ದಾಟಿ ಪಡಸಾಲೆಯಿಂದ ಒಳಕೋಣೆಗೆ ದನಿ ಕಳಿಸುವ ಆಸೆ ಬೇಡ. ಕಬ್ಬಿಣದ ಕಪಾಟಿನ ಹಿಂದೆ ಲ್ಯಾಪ್‌ಟಾಪು ಇದ್ದರೂ ಅದೇ ಪಾಡು. ಮನುಷ್ಯರ ಮೈಯೂ ಅಡ್ಡಿಯೇ, ಏಕೆಂದರೆ ಮೈಯಲ್ಲಿರುವ ನೀರು ಈ ತರಂಗಗಳನ್ನು ಹೀರುತ್ತದೆ.

ಇನ್ನೊಂದು ತೊಂದರೆ ಸಂಗೀತದವರಿಗೇ ಹೆಚ್ಚು ಕಾಣುವಂಥದ್ದು. ಬ್ಯಾಟರಿ ಉಳಿಸಲೆಂದು ಅನೇಕ ಸ್ಪೀಕರುಗಳು ದನಿ ಇಲ್ಲದಾಗ ನಿದ್ದೆಗೆ ಜಾರುತ್ತವೆ, ಮತ್ತೆ ದನಿ ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಅರ್ಧ ಸೆಕೆಂಡು ನುಂಗಿಬಿಡುತ್ತವೆ. ಆಲಾಪದ ಮೊದಲ ಷಡ್ಜವೇ ಅರ್ಧದಿಂದ ಕೇಳಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹಿನ್ನೆಲೆಯಲ್ಲಿ ಸಣ್ಣಗೆ ತಂಬೂರಿ ಹಚ್ಚಿಟ್ಟಿದ್ದು ಅದರ ಮೇಲೆ ಮುಖ್ಯ ಧ್ವನಿಮುದ್ರಣವನ್ನು ಶುರು ಮಾಡಿ, ಆಮೇಲೆ ತಂಬೂರಿಯನ್ನು ನಿಲ್ಲಿಸಿದರೆ ಈ ನಷ್ಟ ಆಗುವುದಿಲ್ಲ. ಶ್ರುತಿ ಮಾತ್ರ ಎರಡಕ್ಕೂ ಒಂದೇ ಇರುವಂತೆ ನೋಡಿಕೊಳ್ಳಿ.

ಹಳೆಯ ಆಂಪ್ಲಿಫೈಯರಿಗೆ

ಕೊಳ್ಳುವಾಗ ಬ್ಲೂಟೂತ್ ರಿಸೀವರ್ ಎಂದೇ ಕೇಳಿ. ಟ್ರಾನ್ಸ್‌ಮಿಟರ್ ಎಂಬುದೂ ನೋಡಲು ಹಾಗೆಯೇ ಇರುತ್ತದೆ, ಆದರೆ ಅದರ ಕೆಲಸ ದನಿ ಕಳಿಸುವುದು. ಆ ಕೆಲಸ ನಿಮ್ಮ ಲ್ಯಾಪ್‌ಟಾಪು ಈಗಾಗಲೇ ಮಾಡುತ್ತದೆ. ರಿಸೀವರಿನ 3.5 ಮಿಲಿಮೀಟರ್ ರಂಧ್ರದಿಂದ ಕೆಂಪು-ಬಿಳಿ ತುದಿಗಳ ಆರ್‌ಸಿಎ ತಂತಿ ಎಳೆದು ಆಂಪ್ಲಿಫೈಯರಿನ ಹಿಂಬದಿಯಲ್ಲಿ 'ಆಕ್ಸ್' ಅಥವಾ 'ಲೈನ್' ಎಂದು ಬರೆದ ಜಾಗಕ್ಕೆ ಸೇರಿಸಿ. 'ಫೋನೋ' ಎಂದಿರುವ ಜಾಗ ಗ್ರಾಮಫೋನ್ ತಟ್ಟೆ ತಿರುಗಿಸುವ ಯಂತ್ರಕ್ಕಾಗಿ ಇರುವುದು, 'ಮೈಕ್' ಎಂದಿರುವುದು ಮೈಕಿಗೆ. ಇವೆರಡೂ ತೀರ ಕ್ಷೀಣವಾದ ಸಂಕೇತವನ್ನು ಬಹಳ ಪಟ್ಟು ಹಿಗ್ಗಿಸುವ ಜಾಗಗಳಾದ್ದರಿಂದ ರಿಸೀವರನ್ನು ಅಲ್ಲಿಗೆ ಸೇರಿಸಿದರೆ ದನಿ ಒಡೆದು ಬರುತ್ತದೆ. ಲ್ಯಾಪ್‌ಟಾಪಿನ ದನಿಯನ್ನು ಹೆಚ್ಚುಕಡಿಮೆ ಪೂರ್ತಿ ಏರಿಸಿಟ್ಟು, ಬೇಕಾದಷ್ಟು ಏರಿಸುವ ಇಳಿಸುವ ಕೆಲಸವನ್ನು ಆಂಪ್ಲಿಫೈಯರಿನ ಗುಂಡಿಯಿಂದಲೇ ಮಾಡಿ. ಲ್ಯಾಪ್‌ಟಾಪಿನಲ್ಲಿ ಕಡಿಮೆ ಇಟ್ಟು ಆಂಪ್ಲಿಫೈಯರಿನಲ್ಲಿ ಹೆಚ್ಚಿಸಿದರೆ ಹಾಡಿನ ಜೊತೆ ಹಿಸ್ಸೆಂಬ ಸದ್ದೂ ದೊಡ್ಡದಾಗುತ್ತದೆ. ಸಣ್ಣಗೆ ಕೀರಲು ಸದ್ದೋ ಹಮ್ಮೆಂಬ ಸದ್ದೋ ಕೇಳಿದರೆ ರಿಸೀವರಿಗೆ ಬೇರೆ ಚಾರ್ಜರು ಕೊಟ್ಟು, ಇಲ್ಲವೇ ಬ್ಯಾಟರಿಯಿಂದಲೇ ನಡೆಸಿ ನೋಡಿ. ಹೆಚ್ಚಾಗಿ ಅದು ವಿದ್ಯುತ್ತಿನ ಭೂತಂತಿಯ ದಾರಿಯಿಂದ ನುಸುಳಿದ ಸದ್ದಾಗಿರುತ್ತದೆ.

ತಡವಾಗಿ ಬರುವ ದನಿ ಮತ್ತು ರಿಯಾಜು

ದನಿಯನ್ನು ಸಂಕೇತವಾಗಿಸಿ, ಕಳಿಸಿ, ಮತ್ತೆ ದನಿಯಾಗಿಸಲು ಬ್ಲೂಟೂತಿಗೆ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡು ಬೇಕು. ಬರಿಯ ಕೇಳುವಿಕೆಯಲ್ಲಿ ಇದು ತಿಳಿಯುವುದೇ ಇಲ್ಲ. ವಿಡಿಯೋ ನೋಡುವಾಗ ತುಟಿಗೂ ದನಿಗೂ ಹೊಂದಿಕೆ ತಪ್ಪಿದರೆ ವಿಎಲ್‌ಸಿ ಪ್ಲೇಯರಿನಲ್ಲಿ, ವಿಂಡೋಸ್ ಇದ್ದರೆ, 'ಜೆ' ಅಕ್ಷರವನ್ನು ಒಂದೊಂದು ಸಲ ಒತ್ತಿದಂತೆ ದನಿ 50 ಮಿಲಿಸೆಕೆಂಡು ಮುಂಚೆ ಬರುತ್ತದೆ. ಹೆಚ್ಚಾದರೆ 'ಕೆ' ಒತ್ತಿ ಹಿಂದೆ ಸರಿಸಬಹುದು.

ಲೆಹರಾ ಅಥವಾ ತಬಲಾದ ಠೇಕಾ ಹಚ್ಚಿಕೊಂಡು ಅಭ್ಯಾಸ ಮಾಡುವವರಿಗೂ ಈ ತಡದಿಂದ ತೊಂದರೆಯಿಲ್ಲ, ಏಕೆಂದರೆ ಅವರು ಅನುಸರಿಸುವುದು ಕಿವಿಗೆ ಬಿದ್ದ ದನಿಯನ್ನು. ಆದರೆ ಆ ಲೆಹರಾದ ಜೊತೆಗೇ ನುಡಿಸುತ್ತ, ಅದೇ ಲ್ಯಾಪ್‌ಟಾಪಿನಲ್ಲಿ ತಮ್ಮ ತಬಲಾವನ್ನು ಬೇರೆ ಟ್ರ್ಯಾಕಿನಲ್ಲಿ ಮುದ್ರಿಸಿಕೊಳ್ಳುವವರಿಗೆ ಲೆಕ್ಕ ತಪ್ಪುತ್ತದೆ. ದ್ರುತ್ ತೀನ್‌ತಾಲದಲ್ಲಿ ನಿಮಿಷಕ್ಕೆ 240 ಮಾತ್ರೆ (ತಾಳದ ಎಣಿಕೆ) ಎಂದು ಹಿಡಿದರೆ ಒಂದು ಮಾತ್ರೆಗೆ ಸಿಗುವುದು 250 ಮಿಲಿಸೆಕೆಂಡು. ಬ್ಲೂಟೂತಿನ ತಡ ಅಷ್ಟೇ ಆಗಿಬಿಟ್ಟರೆ, ಸರಿಯಾಗಿ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದ ಹುಡುಗ ಮುದ್ರಣದಲ್ಲಿ ಪೂರ್ತಿ ಒಂದು ಮಾತ್ರೆ ಹಿಂದೆ ಬಿದ್ದಂತೆ ಕೇಳುತ್ತದೆ, ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾನೆ. ಮೈಕಿನ ದನಿಯನ್ನು ಲ್ಯಾಪ್‌ಟಾಪಿನ ಮೂಲಕ ಸ್ಪೀಕರಿಗೆ ಕಳಿಸಿ ಹಾಡುವುದಾಗಲಿ, ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಪೇಟಿಯ ದನಿಯಲ್ಲಿ ನುಡಿಸುವುದಾಗಲಿ ಬ್ಲೂಟೂತಿನಲ್ಲಿ ಆಗದ ಕೆಲಸ. ಅಲ್ಲಿ ತಂತಿಯೇ ಬೇಕು.

ವೈಫೈ ಸ್ಪೀಕರಿದ್ದರೆ

ವೈಫೈ ಸ್ಪೀಕರಿಗೆ ಹತ್ತು ಮೀಟರಿನ ಕಟ್ಟು ಇಲ್ಲ, ಮನೆಯ ಜಾಲ ಎಲ್ಲೆಲ್ಲಿ ಸಿಗುತ್ತದೆಯೋ ಅಲ್ಲೆಲ್ಲ ನುಡಿಯುತ್ತದೆ. ಮೊದಲ ಸಲ ಅದರ ಫೋನ್ ಆ್ಯಪ್ ಮೂಲಕ ಸ್ಪೀಕರನ್ನು ಜಾಲಕ್ಕೆ ಸೇರಿಸಬೇಕು. ನಂತರ ಗೂಗಲ್ ಕಾಸ್ಟ್ ಇರುವ ಸ್ಪೀಕರಾದರೆ ಕ್ರೋಮ್ ಬ್ರೌಸರಿನ ಮೂರು ಚುಕ್ಕೆಯ ಪಟ್ಟಿಯೊಳಗಿನ 'ಕಾಸ್ಟ್' ಆಯ್ಕೆಯಿಂದ, ಏರ್‌ಪ್ಲೇ ಇರುವ ಸ್ಪೀಕರಾದರೆ ಮ್ಯಾಕ್‌ನ ದನಿಯ ಪಟ್ಟಿಯಿಂದ ಅದನ್ನು ಆರಿಸಬಹುದು. ಲ್ಯಾಪ್‌ಟಾಪು ಮತ್ತು ಸ್ಪೀಕರು ಎರಡೂ ಒಂದೇ ಜಾಲದಲ್ಲಿರಬೇಕು. ಒಂದು ಅತಿಥಿ ಜಾಲದಲ್ಲಿ, ಇನ್ನೊಂದು ಮುಖ್ಯ ಜಾಲದಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಕರೆಂಟು ಹೋದರೆ ರೌಟರಿನ ಜೊತೆ ಹಾಡೂ ನಿಲ್ಲುತ್ತದೆ. ಬ್ಯಾಟರಿಯ ಬ್ಲೂಟೂತ್ ಸ್ಪೀಕರಿಗೆ ಆ ಹಂಗಿಲ್ಲ, ಹಳ್ಳಿಮನೆಗೆ ಅದೇ ಹೆಚ್ಚು ಅನುಕೂಲವೆಂದು ನನಗನಿಸುತ್ತದೆ.

ಸಭೆಯಲ್ಲಿ ಬಳಸುವುದಾದರೆ

ಶಾಲೆಯ ವಾರ್ಷಿಕೋತ್ಸವ, ಓಣಿಯ ಗಣಪತಿಯ ಮುಂದಿನ ಮಕ್ಕಳ ನೃತ್ಯ ಇಂಥ ಸಂದರ್ಭಗಳಲ್ಲಿ ಲ್ಯಾಪ್‌ಟಾಪನ್ನು ವೇದಿಕೆಯ ಪಕ್ಕದಲ್ಲೇ, ರಿಸೀವರಿಗೆ ನೇರವಾಗಿ ಕಾಣುವಂತೆ ಎತ್ತರದ ಮೇಜಿನ ಮೇಲೆ ಇಡಿ. ಸಂಜೆ ನಾಲ್ಕಕ್ಕೆ ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ನಡೆದದ್ದು ಏಳಕ್ಕೆ ಜನ ತುಂಬಿದಾಗ ಕಡಿದುಹೋಗುವುದಕ್ಕೆ ಅಷ್ಟೂ ಮೈಗಳು ಮತ್ತು ಅಷ್ಟೂ ಜೇಬುಗಳಲ್ಲಿನ ಫೋನುಗಳು ಕಾರಣ. ಆದ್ದರಿಂದ ಪರೀಕ್ಷೆ ಸರಿಬಂದಿದ್ದರೂ ಒಂದು ಉದ್ದನೆಯ ಆಡಿಯೋ ತಂತಿಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿಯೇ ಇಟ್ಟುಕೊಂಡು, ಬೇಕಾದ ಗಳಿಗೆಯಲ್ಲಿ ಅದರ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಹಾಕುವಂತೆ ಸಿದ್ಧವಿರಬೇಕು. ಲ್ಯಾಪ್‌ಟಾಪಿನಲ್ಲಿ 'ಡು ನಾಟ್ ಡಿಸ್ಟರ್ಬ್' ಹಚ್ಚಿ, ಇಲ್ಲದಿದ್ದರೆ ಪ್ರಾರ್ಥನೆಯ ನಡುವೆ ಇಮೇಲಿನ ಟಿಂಗ್ ಸದ್ದು ಇಡೀ ಸಭೆಗೆ ಕೇಳುತ್ತದೆ. ಸ್ಲೀಪ್ ಅವಧಿಯನ್ನು 'ನೆವರ್' ಎಂದು ಬದಲಿಸಿ, ಮುಚ್ಚಳವನ್ನು ಮುಚ್ಚಬೇಡಿ, ಚಾರ್ಜರು ಹಾಕಿಡಿ.

ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ರಿಸೀವರನ್ನು ನಿಮ್ಮ ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಿಂದ 'ರಿಮೂವ್ ಡಿವೈಸ್' ಒತ್ತಿ ತೆಗೆದುಹಾಕಿ. ಹಾಗೆ ಮಾಡದಿದ್ದರೆ ಮುಂದಿನ ಸಲ ನೀವು ಆ ಆವರಣಕ್ಕೆ ಕಾಲಿಟ್ಟು ಲ್ಯಾಪ್‌ಟಾಪು ತೆರೆದಾಗ ಅದು ತಾನಾಗಿಯೇ ಜೋಡಿಯಾಗಿ, ಅಲ್ಲಿ ನಡೆದಿರುವ ಬೇರೆಯವರ ಕಾರ್ಯಕ್ರಮದೊಳಗೆ ನಿಮ್ಮ ದನಿ ನುಗ್ಗಬಹುದು.